ದೊಡ್ಡತ್ತೆ ನಡೆದ ಹನ್ನೊಂದು ದಿನ

ಹೋದ ವರ್ಷ ಸೇಲಂನ ಒಂದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ನನ್ನ ತಂಗಿ ನಾಗುಗೆ ಕ್ಯಾನ್ಸರಿನ ಕೆಂಪು ಮದ್ದನ್ನು ಎರಡನೇ ಸಲ ಏರಿಸುವ ದಿನ, ನೀಲಿ ಅಂಗಿಯ ಹುಡುಗಿಯೊಬ್ಬಳು ಬಂದು ಅವಳನ್ನು ಹಾಸಿಗೆಯಿಂದ ಎಬ್ಬಿಸಿದಳು. ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವುದು ಅವಳ ಕೆಲಸವಂತೆ. "ಅಕ್ಕಾ, ಚಪ್ಪಲಿ ಹಾಕ್ಕೊಳ್ಳಿ, ವರಾಂಡದಲ್ಲಿ ನಾಲ್ಕು ಸುತ್ತು ನಡೆದು ಬರೋಣ" ಎಂದಳು. ಅವಳು ತಮಿಳಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾಗು ಸುಸ್ತು ಎಂದಳು. ಹುಡುಗಿ ಬಿಡಲಿಲ್ಲ. "ಈ ಮದ್ದು ಗಡ್ಡೆಯನ್ನ ಸುಡೋ ಹಾಗೆ ಹೃದಯವನ್ನೂ ಸ್ವಲ್ಪ ಸೊರಗಿಸಬಹುದು ಅಕ್ಕಾ. ದಿನಾ ನಡೆಯೋರ ಹೃದಯ ಅದನ್ನ ಇನ್ನೂ ಚೆನ್ನಾಗಿ ತಡ್ಕೋಬಹುದು. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಬರೆದುಕೊಡೋಕಾಗಲ್ಲ. ಆದ್ರೆ ಮಲಗೇ ಇದ್ರೆ ಇರೋ ಶಕ್ತಿನೂ ಹೋಗುತ್ತೆ, ಅದು ಮಾತ್ರ ಖಂಡಿತ."

"ಇದು ನಿಮಗೆ ಯಾವಾಗಿಂದ ಗೊತ್ತು?" ಎಂದು ನಾನು ಕೇಳಿದೆ. ನನ್ನ ದನಿ ಏರಿತ್ತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ಯಾವುದು ಸಾರ್?"

"ನಡೀಬೇಕು ಅನ್ನೋದು."

ಅವಳು ಗಾಬರಿಯಾದಳು. "ನಮ್ಮ ಪಾಠದಲ್ಲೇ ಇತ್ತು ಸಾರ್" ಎಂದಳು.

ಆ ಹುಡುಗಿಯದೇನೂ ತಪ್ಪಿರಲಿಲ್ಲ. ನಾನು ಯಾವ ವರ್ಷದ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆನೋ ಆ ವರ್ಷ ಅವಳು ಹುಟ್ಟಿಯೇ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಒಂದು ಮಾತು ಓಡಾಡಿಕೊಂಡಿದೆ. "ದೊಡ್ಡತ್ತೆ ಮಾತು ಕೇಳಲಿಲ್ಲ, ನಡೆದಳು, ಹಾರ್ಟ್ ಹೋಯಿತು." ಮದುವೆ ಮನೆಯ ಪಂಕ್ತಿಯಲ್ಲಿ, ತಿಥಿಯ ಊಟದಲ್ಲಿ, ಯಾರಿಗೆ ಜ್ವರ ಬಂದರೂ ಅವರ ಮಂಚದ ಪಕ್ಕದಲ್ಲಿ ಈ ಮಾತು ಬರುತ್ತದೆ. ಬಾಯಿಗೆ ಸಲೀಸಾದ ಮಾತು. ಒಬ್ಬ ಹೆಂಗಸಿನ ಸಾವನ್ನು ಅವಳ ಕಾಲಿಗೇ ಕಟ್ಟಿ ನಾವೆಲ್ಲ ಕೈ ತೊಳೆದುಕೊಂಡ ಮಾತು.

ಅದು ತೊಂಬತ್ತಾರನೇ ಇಸವಿ ಎಂದು ನಾನು, ತೊಂಬತ್ತೇಳು ಎಂದು ಅಪ್ಪ. ಇಬ್ಬರ ಹತ್ತಿರವೂ ಒಂದು ಚೀಟಿಯಿಲ್ಲ. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದು ಇಸ್ತ್ರಿ ಹಾಕಿಸಿಕೊಂಡು ಬರುತ್ತದೆ, ನಿಜವಾದ ಸುಕ್ಕುಗಳು ಎಲ್ಲಿದ್ದವು ಎಂದೇ ತಿಳಿಯುವುದಿಲ್ಲ. ಹಾಗಾಗಿ ಎಲ್ಲಿ ನನಗೆ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ. ಅನುಮಾನವಿಲ್ಲದ ಕಡೆ ನನ್ನನ್ನು ಯಾರೂ ತಿದ್ದಲು ಬರಬೇಡಿ.

ದೊಡ್ಡತ್ತೆ ಅಪ್ಪನ ಅಕ್ಕ. ಹೆಸರು ಕೆಂಚಮ್ಮ. ಪಾಪಿರೆಡ್ಡಿಪಟ್ಟಿಯಿಂದ ಬೆಟ್ಟದ ಕಡೆಗೆ ಆರೇಳು ಮೈಲಿ ಒಳಗೆ ನಮ್ಮ ಹಟ್ಟಿ. ಗಂಡ ಹೋದಮೇಲೆ ಅರವತ್ತು ಕುರಿಯ ಮಂದೆಯನ್ನು ಅವಳೊಬ್ಬಳೇ ನಡೆಸಿದಳು. ಮಕ್ಕಳಿರಲಿಲ್ಲ. ಅಪ್ಪನನ್ನು ಓದಿಸಿದ್ದು, ಸೇಲಂನಲ್ಲಿ ಗುಮಾಸ್ತನಾಗುವವರೆಗೆ ಕೈ ಹಿಡಿದದ್ದು ಆ ಮಂದೆಯೇ. ಅರವತ್ತರ ಹತ್ತಿರ ಬಂದಿದ್ದರೂ ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲು ತೆಗೆದರೆ ಸಂಜೆ ಹಾಕುವವರೆಗೆ ಅವಳು ಕೂರುತ್ತಿದ್ದದ್ದು ಬುತ್ತಿ ಬಿಚ್ಚಿದಾಗ ಮಾತ್ರ. ನಾನು ಚಿಕ್ಕವನಿದ್ದಾಗ ಒಮ್ಮೆ ಅವಳ ಜೊತೆ ಹೋಗಿ ಮಧ್ಯಾಹ್ನಕ್ಕೇ ಕಾಲು ನೋವು ಎಂದು ಕೂತುಬಿಟ್ಟಿದ್ದೆ. "ಬಸ್ ಇಡಿಯಕ್ಕೆ ಓಡೋ ನಡ್ಗೆ ಅಲ್ಲ ಕಣ್ಲಾ ಇದು. ನಿಂತ್ಕಂಡ್ ನಿಂತ್ಕಂಡ್ ಓಗ್ಬೇಕು. ದಿನಾ ಪೂರಾ ಓಗ್ಬೇಕು" ಎಂದು ನಕ್ಕಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಸೇಲಂನಲ್ಲಿ ಅವಳ ಎಡ ಎದೆಯ ಕ್ಯಾನ್ಸರ್ ಗಡ್ಡೆಯ ಆಪರೇಷನ್ ಆಯಿತು. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಒಂದರಂತೆ ಆರು ಸಲ ಕೆಂಪು ಮದ್ದು. ಮೊದಲ ಸಲ ಎರಡು ದಿನ ವಾಂತಿ ಮಾಡಿಕೊಂಡಳು. ಉಚ್ಚೆ ಕೆಂಪಗೆ ಹೋದದ್ದನ್ನು ಕಂಡು, "ಓಕ್ಳಿ ಆಡ್ದಂಗೆ ಐತಲ್ಲೇ" ಎಂದು ಅಮ್ಮನಿಗೆ ಹೇಳಿ ಇಬ್ಬರೂ ಬಚ್ಚಲಲ್ಲಿ ನಕ್ಕದ್ದು ನಡುಮನೆಗೆ ಕೇಳಿಸಿತ್ತು. ಐದನೇ ದಿನ ಸೀರೆ ಗಂಟು ಕಟ್ಟಿ, ಮಂಜವಾಡಿ ಕಣಿವೆಯ ಬಸ್ಸು ಹತ್ತಿ ಹಟ್ಟಿಗೆ ಹೊರಟೇಬಿಟ್ಟಳು. ಮಾರನೇ ದಿನ ಕುರಿ ಹಿಂದೆ. ಎರಡನೇ ಸಲವೂ ಹಾಗೇ. ಮೂರನೆಯದಕ್ಕೆ ಬಂದಾಗ ತಲೆಯಲ್ಲಿ ಒಂದು ಕೂದಲಿಲ್ಲ, ಟವೆಲು ಸುತ್ತಿದ್ದಳು, ಆದರೆ ಮುಖದಲ್ಲಿ ಕಳೆಯಿತ್ತು. ಅದು ಬರೀ ಬಿಸಿಲಿನ ಬಣ್ಣವೂ ಇದ್ದೀತು. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ನನಗಿಂತ ಮುಂದೆ ನಡೆದಳು ಎಂಬುದು ಮಾತ್ರ ಬಣ್ಣದ ಮಾತಲ್ಲ.

ಆ ದಿನ ಡಾಕ್ಟರು ಅವಳನ್ನು, ಹೇಗೆ ಕಳೆದಿರಿ ಇಷ್ಟು ದಿನ, ಎಂದು ಕೇಳಿದರು. "ಆಡು ಮೇಚ್ಚೇನ್ ಸಾಮಿ" ಎಂದಳು. ಕುರಿ ಮೇಯಿಸಿದೆ ಎಂದು. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಮಾತಾಡಿದ್ದೆಲ್ಲ ಅಪ್ಪನ ಜೊತೆ. ರಕ್ತದಲ್ಲಿ ಬಿಳಿ ಕಣ ಇಳಿದಿರುತ್ತದೆ, ಸೋಂಕು ತಗುಲಿದರೆ ಯಾರು ಜವಾಬ್ದಾರಿ, ಓದಿದವರಾಗಿ ಹೀಗೆ ಮಾಡಬಹುದೇ ಎಂದರು. "ನಲ್ಲಾ ರೆಸ್ಟ್ ಎಡುಕ್ಕಣುಂ. ಕಂಪ್ಲೀಟ್ ರೆಸ್ಟ್. ಹಾಸಿಗೆ ಬಿಟ್ಟು ಏಳಬಾರದು."

ಅವರ ಹೆದರಿಕೆಗೆ ಕಾರಣವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ರೊಪ್ಪದ ಗೊಬ್ಬರ, ಧೂಳು, ಕುರಿಯ ಉಣ್ಣಿ ಇವೆಲ್ಲ ಅಂಥ ದೇಹಕ್ಕೆ ಆಗುವಂಥವಲ್ಲ. ರೊಪ್ಪಕ್ಕೆ ಹೋಗಬೇಡ, ಬೇರೆ ಎಲ್ಲಾದರೂ ನಡೆ ಎಂದು ಹೇಳಬಹುದಿತ್ತು. ಆ ಕಾಲದಲ್ಲಿ ಯಾವ ಡಾಕ್ಟರೂ ಹಾಗೆ ಹೇಳುತ್ತಿರಲಿಲ್ಲವಂತೆ, ರೋಗ ಅಂದರೆ ಹಾಸಿಗೆ ಅಷ್ಟೇ. ಸರಿ. ಆದರೆ ಯಾರ ದೇಹದ ಮಾತೋ ಅವಳು ಎದುರಿಗೇ ಕೂತಿದ್ದಳು. ಮೂವತ್ತು ವರ್ಷ ದಿನವೂ ನಡೆದವಳನ್ನು, ನಡೆದರೆ ನಿನಗೆ ಏನನ್ನಿಸುತ್ತದೆ ಎಂದು ಕೇಳಲು ಯಾವ ಶಾಸ್ತ್ರ ಬೇಕಿತ್ತು? ಒಂದು ಪ್ರಶ್ನೆ. ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ. ನಾನೂ ಅಲ್ಲೇ ನಿಂತಿದ್ದೆ.

ಆಮೇಲೆ ಅಪ್ಪ ಮಾಡಿದ ಕೆಲಸ ಹಟ್ಟಿಯಲ್ಲೇ ಇರುವ ಯಾರಿಗೂ ಹೊಳೆಯುತ್ತಿರಲಿಲ್ಲ. ಹಟ್ಟಿಯ ಪದ್ಧತಿ ಬಲ್ಲ, ಆದರೆ ಹಟ್ಟಿ ಬಿಟ್ಟುಬಂದ ಗುಮಾಸ್ತನಿಗೆ ಮಾತ್ರ ಹೊಳೆಯುವಂಥದ್ದು.

ನಮ್ಮವರಲ್ಲಿ ಕೋಲು ಕೊಡುವುದು ಅಂತ ಒಂದಿದೆ. ಕುರಿ ಕಾಯುವವರಿಗೆ ವಯಸ್ಸಾಗಿ ಕಾಲು ಬಿದ್ದಾಗ, ರೊಪ್ಪದ ಬಾಗಿಲಲ್ಲಿ ನಿಂತು ತಮ್ಮ ಕೋಲನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಕುರಿಗೆ ಒಡೆಯನ ಗುರುತು ಅವನ ಕೂಗು. ಹಾಗಾಗಿ ಮೂರು ಬೆಳಗ್ಗೆ ಹೊಸಬ ಕೂಗಬೇಕು, ಹಳಬ ಅಲ್ಲೇ ಎದುರಿಗೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಎದುರಿಗೆ ಇದ್ದೂ ಕರೆಯುತ್ತಿಲ್ಲ ಎಂದು ಕುರಿಗಳಿಗೆ ಗೊತ್ತಾಗಬೇಕು. ಮೂರನೇ ದಿನಕ್ಕೆ ಅವು ಹೊಸ ದನಿಯ ಹಿಂದೆ ಹೋಗುತ್ತವೆ. ಕೊಟ್ಟ ಮೇಲೆ ಮುಗಿಯಿತು, ವಾಪಸು ತೆಗೆದುಕೊಳ್ಳುವಂತಿಲ್ಲ. ಎರಡು ದನಿ ಕೇಳಿದ ಮಂದೆ ಬೆಟ್ಟದಲ್ಲಿ ಚೆದುರಿಹೋಗುತ್ತದೆ.

ಕೋಲು ಕೈಯಲ್ಲಿರುವವರೆಗೆ ಅಕ್ಕ ಬಸ್ಸು ಹತ್ತುತ್ತಾಳೆ ಎಂದು ಅಪ್ಪ ಲೆಕ್ಕ ಹಾಕಿದರು. ನಾನೂ ಅವರೂ ದೊಡ್ಡತ್ತೆಯ ಜೊತೆ ಹಟ್ಟಿಗೆ ಹೋದೆವು.

"ರೆಸ್ಟ್ ಅಂದ್ರೆ ಎಷ್ಟು ದಿನ ಚಿನ್ನಪ್ಪ?" ಎಂದು ಅವಳು ಜಗುಲಿಯ ಮೇಲೆ ಕೂತು ಅಪ್ಪನನ್ನು ಕೇಳಿದಳು.

"ನಾಕು ತಿಂಗ್ಳು."

"ನಾಕು ತಿಂಗ್ಳಿಗೆ ಯಾರಾನ ಕೋಲು ಕೊಡ್ತಾರಾ? ಅಲ್ಲೀಗಂಟ ಮಾದ ನೋಡ್ಕಳ್ಳಿ. ಬಂದ್ಮೇಲೆ ನಾ ಇಡ್ಕತೀನಿ." ಮಾದ ಅವಳ ಮೈದುನನ ಮಗ, ಮದುವೆಯಾಗಿ ಪಕ್ಕದಲ್ಲೇ ಮನೆ ಮಾಡಿದ್ದವನು.

"ಕೋಲು ನಿಂದೇ ಅಂತಿದ್ರೆ ನೀನು ಮಲಗಕ್ಕಿಲ್ಲ ಅಕ್ಕ. ನಂಗೊತ್ತಿಲ್ವಾ?"

"ನನ್ ಕಾಲು ನೆಟ್ಟಗೈತಲ್ಲ."

"ಡಾಕ್ಟ್ರಿಗಿಂತ ಜಾಸ್ತಿ ತಿಳ್ಕಂಡಿದೀಯಾ?"

ಈ ಪ್ರಶ್ನೆಗೆ ಎದುರು ಹೇಳುವ ಹೆಂಗಸು ಆಗ ನಮ್ಮಲ್ಲಿ ಇರಲಿಲ್ಲ. ಅಪ್ಪನಿಗೆ ಅದೂ ಗೊತ್ತಿತ್ತು.

ಮಾದನಿಗೆ ನಾಚಿಕೆ. ಕೋಲು ಇಸಿದುಕೊಂಡು ನೆಲ ನೋಡುತ್ತಿದ್ದ. ಮೊದಲ ಬೆಳಗ್ಗೆ ಅವನು ಎಷ್ಟು ಕೂಗಿದರೂ ಮಂದೆ ಬಾಗಿಲು ದಾಟಲಿಲ್ಲ. ದೊಡ್ಡತ್ತೆ ತುಟಿ ಬಿಗಿದು ಬೇಲಿಗೆ ಒರಗಿ ನಿಂತಿದ್ದಳು. ಒಂದು ಮುದಿ ಕುರಿ ಅವಳನ್ನೇ ನೋಡುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ಕುರಿಗಳು ಯಾವಾಗಲೂ ಯಾರನ್ನೋ ನೋಡುತ್ತಿರುತ್ತವೆ. ಎರಡನೇ ದಿನ ಅರ್ಧ ಹೋದವು. ಮೂರನೇ ದಿನ ಎಲ್ಲವೂ. ಧೂಳು ಅಡಗುವವರೆಗೆ ನಿಂತಿದ್ದು, "ಓದ್ವು" ಎಂದಳು. ಒಳಗೆ ಹೋಗಿ ಸೀರೆ ಗಂಟು ಕಟ್ಟಿಕೊಂಡಳು.

ಕಾಲು ಬಿದ್ದವರಿಗೆಂದು ಇದ್ದ ಪದ್ಧತಿಯನ್ನು ನೆಟ್ಟಗೆ ನಡೆಯುವವಳ ಮೇಲೆ ಹೇರಿದ್ದನ್ನು ಅಪ್ಪ ಇವತ್ತಿಗೂ ಅಕ್ಕರೆ ಎಂದೇ ಕರೆಯುತ್ತಾರೆ. ಅಕ್ಕರೆಯೇ ಇರಬಹುದು. ಅಕ್ಕರೆಯಿಂದ ಮಾಡಿದ್ದನ್ನು ಯಾರೂ ವಿಚಾರಣೆಗೆ ತರುವುದಿಲ್ಲ ಎಂಬುದೇ ನನಗೆ ಸಹಿಸಲಾಗದ್ದು.

ಸೇಲಂನ ನಮ್ಮ ಬಾಡಿಗೆ ಮನೆಯಲ್ಲಿ ಅವಳ ಮಂಚವನ್ನು ಬೀದಿ ಕಡೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ ಹಾಕಿದೆವು. ನೋಡಲು ಬರುವವರಿಗೆ ಅನುಕೂಲ. ಬರುವವರೇನು ಕಡಿಮೆಯಿರಲಿಲ್ಲ. ಸಾತುಕುಡಿ ಎನ್ನುವ ಮೋಸಂಬಿ ಹಣ್ಣು, ಬ್ರೆಡ್ಡು, ಹಾರ್ಲಿಕ್ಸ್ ಹಿಡಿದು ವಾರಕ್ಕೆ ನಾಲ್ಕು ಸಂಸಾರ. ಅವರು ಬಂದಾಗ ರೋಗಿ ಮಲಗಿರಬೇಕು. ಎದ್ದು ಓಡಾಡುತ್ತಿದ್ದರೆ ರೋಗ ಸುಳ್ಳು, ಇಲ್ಲವೇ ಮನೆಯವರು ಕೆಲಸ ಮಾಡಿಸುತ್ತಿದ್ದಾರೆ. ಒಮ್ಮೆ ಅವಳು ಲೋಟ ತೊಳೆಯುತ್ತಿದ್ದುದನ್ನು ಯಾರೋ ಕಂಡು, ಗಂಡನ ಅಕ್ಕನ ಕೈಲಿ ಪಾತ್ರೆ ತಿಕ್ಕಿಸುತ್ತಾಳೆ ಎಂಬ ಸುದ್ದಿ ಅಮ್ಮನ ತವರಿಗೇ ಮುಟ್ಟಿತು. ಅಂದಿನಿಂದ ಗೇಟು ಸದ್ದಾದರೆ ಸಾಕು, ಅಮ್ಮ ಅಡುಗೆಮನೆಯಿಂದಲೇ, "ಅತ್ಗೇ, ಬಂದ್ರು" ಎನ್ನುತ್ತಿದ್ದಳು.

"ತಾಳು, ಬಿದ್ಕತೀನಿ" ಎಂದು ದೊಡ್ಡತ್ತೆ ಮಂಚಕ್ಕೆ ಹಾರುತ್ತಿದ್ದಳು. ಹೊದಿಕೆ ಎಳೆದುಕೊಂಡು ನನಗೆ ಪಿಸುಗುಟ್ಟುತ್ತಿದ್ದಳು, "ಎಂಗೈತಿ? ಸಾಯೋಂಗೆ ಕಾಣ್ತೀನಾ, ಇನ್ನೊಸಿ ಕಣ್ಣು ಮುಚ್ಲಾ?"

ನಾನು ಆಗ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಮನೆಯಲ್ಲಿದ್ದೆ. ಅವಳ ಕಾವಲು ನನ್ನದು. ಮೂರನೇ ಮದ್ದಾಗಿ ವಾರ ಕಳೆದಿರಬೇಕು, ಒಂದು ಬೆಳಗ್ಗೆ ಐದೂವರೆಗೆ ನೀರಿನ ತೊಟ್ಟಿ ನೋಡಲು ಮೊಟ್ಟೆಮಾಡಿಗೆ ಹತ್ತಿದೆ. ನಮ್ಮ ಮನೆಯಲ್ಲಿ ತಾರಸಿಗೆ ತಮಿಳಿನ ಆ ಹೆಸರೇ. ಅಲ್ಲಿ ದೊಡ್ಡತ್ತೆ ಬರಿಗಾಲಲ್ಲಿ, ತಲೆಗೆ ಟವೆಲು ಸುತ್ತಿ, ಮೋಟುಗೋಡೆಯ ಪಕ್ಕದಲ್ಲೇ ಸುತ್ತು ಹಾಕುತ್ತಿದ್ದಳು.

"ಏನ್ ದೊಡ್ಡತ್ತೆ ಇದು?"

"ನಡೀತಿವ್ನಿ. ಕಾಣಾಕಿಲ್ವಾ?"

"ಡಾಕ್ಟ್ರು ಬೇಡ ಅಂದಿದಾರೆ."

"ಕುರಿ ಇಂದೆ ಓಗ್ಬ್ಯಾಡ ಅಂದ್ರು. ಎಲ್ಲವೆ ಕುರಿ? ನಿನ್ ಬಿಟ್ರೆ." ನಿಲ್ಲದೆಯೇ ಹೇಳಿದಳು. ಇನ್ನೊಂದು ಸುತ್ತು ಬಂದಾಗ ಹೇಳಿದ್ದು ಬೇರೆ ದನಿಯಲ್ಲಿ. "ಮಲಗಿದ್ರೆ ಎದೆ ಮ್ಯಾಲೆ ಗುಂಡು ಏರ್ದಂಗೆ ಐತೆ ಕಣ್ಲಾ. ನಡೆದ್ರೆ ಉಸ್ರು ಸಲೀಸು. ಇದ ನಿಮ್ಮಪ್ಪಂಗೆ ಏಳಿದ್ರೆ ಡಾಕ್ಟ್ರಿಗಿಂತ ತಿಳ್ಕಂಡಿದೀಯಾ ಅಂತಾನೆ. ನೀನು ಸುಮ್ಕಿರು."

ಸುಮ್ಮನಿದ್ದೆ. ಹನ್ನೊಂದು ದಿನ. ಈ ಸಂಖ್ಯೆ ನನಗೆ ಖಚಿತ, ಯಾಕೆಂದರೆ ನಾಲ್ಕನೇ ಮದ್ದಿಗೆ ಹೋಗುವ ಹಿಂದಿನ ದಿನದವರೆಗೆ ನಾನೇ ದಿನವೂ ಮೆಟ್ಟಿಲ ಬಾಗಿಲ ಚಿಲಕ ಸದ್ದಾಗದಂತೆ ತೆಗೆದುಕೊಡುತ್ತಿದ್ದೆ. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತಿದ್ದೆ, ಅವಳು ನಡೆಯುತ್ತಿದ್ದಳು. ಬಡಗಣಕ್ಕೆ ಏರ್ಕಾಡ್ ಬೆಟ್ಟ ಬೆಳಕಾಗುತ್ತಿತ್ತು. ಅದರ ಬೆನ್ನಿಗೆ ನಮ್ಮ ಹಟ್ಟಿಯ ಕಡೆ. ಅವಳು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳೇ? ಇಲ್ಲ. ಎದುರು ಮನೆಯವರು ಒಣಹಾಕಿದ ಬಟ್ಟೆಗಳನ್ನು ನೋಡಿ ಅವರ ಸಂಸಾರದ ಕತೆ ಕಟ್ಟುತ್ತಿದ್ದಳು. ಆ ದಿನಗಳಲ್ಲಿ ಬೆಳಿಗ್ಗೆ ಎರಡು ಇಡ್ಲಿ ಜಾಸ್ತಿ ತಿನ್ನುತ್ತಿದ್ದಾಳೆ ಎಂದು ಅಮ್ಮ ಅಂದದ್ದಿದೆ. ಕಾರಣ ನಾನು ಹೇಳಲಿಲ್ಲ.

ಹನ್ನೆರಡನೇ ದಿನ, ನಾಲ್ಕನೇ ಮದ್ದು ಹಾಕಿಸಿಕೊಂಡು ನಾವು ಮನೆಗೆ ಬಂದ ಮೇಲೆ, ತಾರಮಂಗಲದಿಂದ ರುಕ್ಮಿಣಿ ಚಿಕ್ಕಮ್ಮ ಬಂದಳು. ಅಮ್ಮನ ತಂಗಿ. ಸಾತುಕುಡಿಯ ಚೀಲ ಕೆಳಗಿಟ್ಟವಳೇ, "ಏನಕ್ಕಾ ಇದು, ನಿಮ್ಮ ಎದುರು ಮನೆಯಾಕೆ ಬಸ್ಸಲ್ಲಿ ಸಿಕ್ಕಿ ಏನೇನೋ ಅಂತಾಳೆ. ದಿನಾ ಬೆಳಗಾದ್ರೆ ಆ ಕ್ಯಾನ್ಸರ್ ಪೇಶೆಂಟ್‌ನ ಮೊಟ್ಟೆಮಾಡಿ ಮೇಲೆ ಓಡಾಡಿಸ್ತಾರಂತೆ, ಏನು ಜನ ಅಂದ್ಲು. ನಾನು ತಲೆ ಎತ್ತೋ ಹಾಗಿಲ್ಲ" ಎಂದಳು.

ಅಪ್ಪ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. "ನಿಂಗೆ ಗೊತ್ತಿತ್ತಾ?"

"ಇಲ್ಲಪ್ಪ" ಎಂದೆ.

ಬೀದಿ ಕೋಣೆಯ ಮಂಚದಿಂದ ದೊಡ್ಡತ್ತೆಗೆ ಇದು ಕೇಳಿಸುವಷ್ಟು ನಮ್ಮ ಮನೆ ಚಿಕ್ಕದು. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. "ನಾನೇ ಓಗಿದ್ದು. ಅವ್ನಿಗೇನು ಗೊತ್ತು, ಮಲಗಿರ್ತಾನೆ" ಎಂದಳು.

ಸಂಜೆಯೇ ಅಪ್ಪ ಒಂದು ಬೀಗ ತಂದು ಬೀಗದ ಕೈಯನ್ನು ನನಗೆ ಕೊಟ್ಟರು. ಮೆಟ್ಟಿಲ ಬಾಗಿಲಿಗೆ ಅದನ್ನು ಹಾಕಿದ್ದು ನಾನು. ನನಗೆ ಇಪ್ಪತ್ತೊಂದು ವರ್ಷ, ಆಗುವುದಿಲ್ಲ ಎನ್ನಬಹುದಿತ್ತು. ದೊಡ್ಡತ್ತೆ ಗೋಡೆ ಹಿಡಿದು ಬಂದು ನಿಂತಿದ್ದಳು.

"ಇದೂ ಕೊಟ್ಬಿಡ್ಬೇಕೇನ್ಲಾ?" ಎಂದಳು.

"ಡಾಕ್ಟ್ರು ಹೇಳಿದಾರಲ್ಲ ದೊಡ್ಡತ್ತೆ."

"ಸರಿ, ಆತು" ಎಂದು ಹೋಗಿ ಮಲಗಿದಳು.

ಇಲ್ಲಿಂದ ಮುಂದಿನದನ್ನು ನಮ್ಮ ಮನೆಯ ಮಾತು ನುಂಗಿಹಾಕಿದೆ. ಅವಳು ಮತ್ತೆ ನಡೆಯಲಿಲ್ಲ. ಹಿತ್ತಲಲ್ಲಿ ನಡೆಯಬಹುದಿತ್ತು, ಅಮ್ಮ ಪೇಟೆಗೆ ಹೋದಾಗ ನಡುಮನೆಯಲ್ಲೇ ಸುತ್ತಬಹುದಿತ್ತು, ನಾನಂತೂ ಯಾರಿಗೂ ಹೇಳುತ್ತಿರಲಿಲ್ಲ. ನಡೆಯಲಿಲ್ಲ. ಒಂದು ದಿನ ನಾನು ಬೀಗದ ಕೈಯನ್ನು ಬೇಕೆಂದೇ ಅವಳ ತಲೆದೆಸೆಯ ಗೂಡಿನಲ್ಲಿ ಮರೆತವನಂತೆ ಬಿಟ್ಟು ಹೊರಗೆ ಹೋದೆ. ಎದುರು ನಿಂತು ಬಾಯಿ ಬಿಡಲಾರದವನ ಹೇಡಿ ಉಪಕಾರ. ವಾಪಸು ಬಂದಾಗ, "ನಿನ್ ಬೀಗದ್ ಕೈ ಇಲ್ಲೇ ಬುಟ್ಟಿದೀಯ, ಎತ್ಕೋ, ನಿಮ್ಮಪ್ಪ ಬೈತಾನೆ" ಎಂದಳು. ಕೋಲು ಕೊಟ್ಟ ಮೇಲೆ ಕೂಗಬಾರದು ಎಂಬ ಹಟ್ಟಿಯಿಂದ ಬಂದವಳು. ಕೊಟ್ಟದ್ದನ್ನು ಕದ್ದು ವಾಪಸು ತೆಗೆದುಕೊಳ್ಳುವುದು ಅವಳಿಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯದು, ಐದನೆಯದು, ಆರನೆಯದು. ಏಪ್ರಿಲ್, ಮೇ. ಸೇಲಂನ ಬಿಸಿಲು ಗೊತ್ತಿರುವವರಿಗೆ ಹೇಳಬೇಕಿಲ್ಲ, ತಾರಸಿಯ ಕಾವು ರಾತ್ರಿಯವರೆಗೂ ತಲೆಯ ಮೇಲೆ ಕೂತಿರುತ್ತಿತ್ತು. ಅವಳು ಬೆನ್ನಿಗೆ ಅಂಟುವ ಹಾಸಿಗೆಯ ಮೇಲೆ ಆ ಎರಡು ತಿಂಗಳು ಮಲಗಿದ್ದಳು. ತೊಡೆ ಸೊರಗಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಗೇಟು ಸದ್ದಾದಾಗ ಅಮ್ಮ "ಅತ್ಗೇ" ಎನ್ನುವ ಅಗತ್ಯವೇ ಇರಲಿಲ್ಲ. ಬಂದವರೆಲ್ಲ, "ಎಷ್ಟು ಚೆನ್ನಾಗಿ ನೋಡ್ಕೋತಿದೀರಿ, ರಾಣಿ ಹಾಗೆ ಮಲಗಿಸಿದೀರಿ" ಎಂದು ಅಪ್ಪನನ್ನು ಹೊಗಳಿದರು. ಜೂನ್‌ನಲ್ಲಿ ಕಾಲು ಊದಿಕೊಂಡವು. ಬೆರಳಿಟ್ಟರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಎರಡು ದಿಂಬು ಇಲ್ಲದೆ ಮಲಗಲಾಗುತ್ತಿರಲಿಲ್ಲ, ಆಮೇಲೆ ಮೂರು.

ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರು ಅಪ್ಪನನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು. ಇಂಗ್ಲಿಷಿನಲ್ಲಿ ಹೇಳಿದರು. ಹೃದಯ ತುಂಬ ದುರ್ಬಲವಾಗಿದೆ, ಇದು ಆ ಮದ್ದಿನಿಂದ, ಕೆಲವರಿಗೆ ಹೀಗೆ ಆಗುವುದುಂಟು. ಮೂರೇ ಮಾತು. ಹಾಗೆ ಆಗುವುದುಂಟು ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾವು ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲ. ಆದರೆ ಹೇಳಿದ್ದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಇದು ನನಗೆ ಅನುಮಾನವಿಲ್ಲದ ಕಡೆ. ಮದ್ದಿನಿಂದ ಎಂದರು, ನಡೆದದ್ದರಿಂದ ಎನ್ನಲಿಲ್ಲ. ಅಪ್ಪನೂ ಕೇಳಿಸಿಕೊಂಡರು, ತಲೆಯಾಡಿಸಿದರು.

ಮನೆಗೆ ಬಂದರೆ ನಡುಮನೆಯಲ್ಲಿ ಜನ. ರುಕ್ಮಿಣಿ ಚಿಕ್ಕಮ್ಮನೂ ಇದ್ದಳು. ದೊಡ್ಡತ್ತೆಯನ್ನು ಮಂಚಕ್ಕೆ ಒರಗಿಸಿ ಅಪ್ಪ ಹೊರಬಂದು ಕುರ್ಚಿಯಲ್ಲಿ ಕೂತರು.

"ಏನಂದ್ರು ಭಾವ?"

"ಹಾರ್ಟ್ ವೀಕಂತೆ."

"ಆಗ್ದೆ ಇರುತ್ತಾ? ಬೇಡ ಬೇಡ ಅಂದ್ರೂ ಮೊಟ್ಟೆಮಾಡಿ ಮೇಲೆ ಅಷ್ಟು ನಡೆದ್ರೆ?"

ಅಪ್ಪ ಬಂದವರ ಮುಖಗಳನ್ನು ಒಮ್ಮೆ ನೋಡಿದರು. ಆಮೇಲೆ, "ಹೂಂ" ಎಂದರು.

ಆ ಒಂದು ಹೂಂ. ಅದರ ಹಿಂದೆ ಏನಿತ್ತೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮದ್ದು ಎಂದರೆ ಕೊಡಿಸಿದವರು ನಾವು. ನಡಿಗೆ ಎಂದರೆ ನಡೆದವಳು ಅವಳು. ಅಷ್ಟು ಜನ ಕಣ್ಣರಳಿಸಿ ಕೂತಿರುವಾಗ ಯಾವುದು ಸುಲಭ? ವಾರದೊಳಗೆ ಅದು ಹೂಂ ಆಗಿ ಉಳಿಯಲಿಲ್ಲ, ಅಪ್ಪನೇ ಬಂದವರಿಗೆ ಪೂರ್ತಿ ವಾಕ್ಯ ಹೇಳತೊಡಗಿದರು. ಹನ್ನೊಂದು ದಿನ ನಡೆದು, ಅಷ್ಟೂ ದಿನ ಚೆನ್ನಾಗಿದ್ದು, ಆಮೇಲೆ ಎರಡು ತಿಂಗಳು ಮಲಗಿ, ಮಲಗಿದ್ದಾಗ ಕೆಟ್ಟ ಹೃದಯಕ್ಕೆ ಆ ಹನ್ನೊಂದು ದಿನ ಹೇಗೆ ಕಾರಣ ಎಂದು ಯಾರೂ ಕೇಳಲಿಲ್ಲ. ದೊಡ್ಡತ್ತೆ ಅದನ್ನು ಮಲಗಿದ್ದಲ್ಲಿಂದಲೇ ಎಷ್ಟು ಸಲ ಕೇಳಿಸಿಕೊಂಡಳೋ. ಒಮ್ಮೆ ಆ ಮಾತು ಬಂದಾಗ ಅವಳು ನನ್ನತ್ತ ನೋಡಿದಳು ಎಂಬ ನೆನಪಿದೆ. ಅವಳು ಫ್ಯಾನು ನೋಡುತ್ತಿದ್ದಿರಬಹುದು. ನೋಡಿದ್ದರೆ ಒಳ್ಳೆಯದಿತ್ತು ಎಂದು ನನಗೇ ಅನ್ನಿಸಿ ಆ ನೋಟ ಸೇರಿಕೊಂಡಿರಬಹುದು. ಬಾಯಿ ಮಾತ್ರ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆಗಸ್ಟಿನಲ್ಲಿ, ಬೆಟ್ಟದ ಮೇಲೆ ಮಳೆ ಕೂತಿದ್ದ ಒಂದು ಮಧ್ಯಾಹ್ನ, ಹೋದಳು. ವ್ಯಾನಿನಲ್ಲಿ ಮಂಜವಾಡಿ ಕಣಿವೆಯ ದಾರಿಯಲ್ಲಿ ಹಟ್ಟಿಗೆ ಒಯ್ದೆವು. ಮಾದ ಕುರಿಗಳನ್ನು ಆ ದಿನ ರೊಪ್ಪದಿಂದ ಬಿಟ್ಟಿರಲಿಲ್ಲ. ಮಣ್ಣು ಮಾಡುವ ಕಡೆಯೂ ಯಾರೋ ಯಾರಿಗೋ ಆ ಮಾತು ಹೇಳುತ್ತಿದ್ದರು.

ನಡೆಯಲು ಬಿಟ್ಟಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ನಾಗುವನ್ನು ನಡೆಸಿದ ಹುಡುಗಿಯೂ ಅಷ್ಟು ಧೈರ್ಯದ ಮಾತಾಡಲಿಲ್ಲ. ನಡೆದೂ ಆ ಹೃದಯ ಸೋಲಬಹುದಿತ್ತು. ನಾನು ಹೇಳುವುದು ಇಷ್ಟೇ. ಅವಳ ಹತ್ತಿರ ಆ ಮದ್ದಿನ ಹೊಡೆತಕ್ಕೆ ತಡೆಯೊಡ್ಡಲು ಒಂದೇ ಒಂದು ದಾರಿಯಿತ್ತು, ಅದು ಅವಳಿಗೆ ತಾನಾಗಿ ಗೊತ್ತಿತ್ತು, ಅದನ್ನು ನಾವು ಕಿತ್ತುಕೊಂಡೆವು, ಕಿತ್ತುಕೊಂಡ ಮೇಲೆ ಅದನ್ನೇ ಅವಳ ಅಪರಾಧ ಮಾಡಿದೆವು. ಮೊದಲನೆಯದು ತಿಳಿಯದೆ ಆದದ್ದು. ಎರಡನೆಯದು ತಿಳಿದೇ.

ಅಪ್ಪನಿಗೆ ಈಗ ಎಂಬತ್ತೆರಡು. ಏಳು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟು ಹಾಕಿದ ಡಾಕ್ಟರು ದಿನಾ ನಡೆಯಿರಿ ಎಂದಿದ್ದಾರೆ. ಕ್ಯಾನ್ವಾಸ್ ಬೂಟು ಹಾಕಿಕೊಂಡು ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತಾರೆ. ಮಳೆ ಬಂದರೆ ಮೊಟ್ಟೆಮಾಡಿಯ ಶೀಟಿನ ಕೆಳಗೆ ಸುತ್ತು ಹಾಕುತ್ತಾರೆ. ನಾಗುವನ್ನು ಆಸ್ಪತ್ರೆಯಿಂದ ಕರೆತಂದ ದಿನ ನಾನು ಅವರಿಗೆ ಆ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದೆ.

"ಆಗ ಹಂಗೆ ಹೇಳಿದ್ರು, ಈಗ ಹಿಂಗೆ ಹೇಳ್ತಾರೆ" ಎಂದರು.

"ಆಗ ಮದ್ದಿನಿಂದ ಅಂತಾನೇ ಹೇಳಿದ್ರಲ್ಲಪ್ಪ. ನಾನೂ ನೀವೂ ಕೇಳಿಸ್ಕೊಂಡ್ವಿ."

"ನಂಗೆ ನೆನಪಿಲ್ಲ."

"ನಡೆದು ಹೋದ್ಳು ಅಂತ ಈಗಲೂ ಹೇಳ್ತೀರಲ್ಲ."

"ಸತ್ತೋರ ವಿಷ್ಯ ಯಾಕೆ ಈಗ? ನಾಗುನ ನೋಡ್ಕೊ" ಎಂದು ಟಿವಿ ಹಾಕಿದರು.

ನಾಗುಗೆ ಮೂರನೇ ಮದ್ದಾದ ವಾರ ರುಕ್ಮಿಣಿ ಚಿಕ್ಕಮ್ಮ ನೋಡಲು ಬಂದಳು. ಎಪ್ಪತ್ತೈದು ದಾಟಿದೆ, ಮೊಣಕಾಲು ನೋವು, ಮಗ ಕಾರಿನಲ್ಲಿ ಬಿಟ್ಟುಹೋದ. ಸಾತುಕುಡಿಯೂ ಇತ್ತು. ನಾಗು ನಡೆಯಲು ಹೊರಟವಳು, ಸಲ್ವಾರ್ ಹಾಕಿ, ತಲೆಗೆ ಸ್ಕಾರ್ಫು ಕಟ್ಟಿ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಳು.

"ಎಲ್ಲಿಗೆ ಕಣೇ ಹೊರಟೆ ಈ ಸ್ಥಿತೀಲಿ?"

"ವಾಕಿಂಗ್ ಚಿಕ್ಕಮ್ಮ. ಡಾಕ್ಟರ್ ಹೇಳಿದಾರೆ."

"ಅಯ್ಯೋ ಬೇಡ ಮಗಳೇ. ನಿಮ್ಮ ದೊಡ್ಡತ್ತೆ ಕತೆ ಗೊತ್ತಿಲ್ವಾ? ಎಷ್ಟು ಹೇಳಿದ್ರೂ ಮಾತು ಕೇಳಲಿಲ್ಲ, 'ನಡಂದು ನಡಂದು' ಹಾರ್ಟನ್ನೇ ಕೆಡಿಸ್ಕೊಂಡ್ಲು. ಅಲ್ವಾ ಭಾವ?"

ಅಪ್ಪ ಆಗಷ್ಟೇ ನಡೆದು ಬಂದು ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು. ನಾನು ಕಾದೆ. ಈ ಬರಹವನ್ನು ಚೆಂದ ಮಾಡುವವನಾಗಿದ್ದರೆ ಇಲ್ಲಿ ಅವರಿಂದ ಒಂದು ಮಾತು ಆಡಿಸುತ್ತಿದ್ದೆ. ಅವರು ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಇನ್ನೊಂದಕ್ಕೆ ಬಗ್ಗಿದರು.

"ನೀವು ಕಾಫಿ ಕುಡೀತಿರಿ ಚಿಕ್ಕಮ್ಮ, ಬಂದೆ" ಎಂದು ನಾಗು ಗೇಟು ತೆಗೆದು ಹೋದಳು.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಹೋಗೇಬಿಟ್ಲಲ್ಲೋ. ನೀನಾದ್ರೂ ಒಂದು ಮಾತು ಹೇಳ್ಬಾರ್ದಾ?"

"ದೊಡ್ಡತ್ತೆಗೆ ಹೇಳಿದ್ದೆ ಚಿಕ್ಕಮ್ಮ" ಎಂದೆ. "ಅವಳು ಮಾತು ಕೇಳಿದಳು."